ದಿನವೂ ಅರ್ಜಿ ಕೇಳುತ್ತಿದ್ದ ದೊರೆ ತಾನೇ ಅರ್ಜಿ ಬರೆದ

ಪ್ರಶ್ನೆ: ನಾನು ಮಂಡ್ಯದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ರೋಮಿನ ಚಕ್ರವರ್ತಿ ಮಾರ್ಕಸ್ ಅರೇಲಿಯಸ್ ತನಗಾಗಿಯೇ ಬರೆದುಕೊಂಡ ಮಾತುಗಳನ್ನು ನಮ್ಮ ಹುಡುಗರು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿಕೊಳ್ಳುತ್ತಾರೆ. ಅಧಿಕಾರ, ಪ್ರೀತಿ, ನ್ಯಾಯ, ಮನುಷ್ಯನ ಬುದ್ಧಿ ಎಲ್ಲವೂ ಅದರಲ್ಲಿವೆ. ಮೊನ್ನೆ ಒಬ್ಬ ಹುಡುಗ ಎದ್ದು ನಿಂತು, "ಸಾರ್, ನಮ್ಮ ಮೈಸೂರು ರಾಜರು ಯಾರೂ ಹೀಗೆ ಬರೆದಿಲ್ವಾ?" ಅಂತ ಕೇಳಿದ. ನನಗೆ ಉತ್ತರ ತೋಚಲಿಲ್ಲ. ಬರೆದಿದ್ದರೆ ಯಾರು, ಏನು ಬರೆದರು? ರಾಜರು ತಮ್ಮ ಬಗ್ಗೆ ತಾವೇ ಬರೆದುಕೊಂಡದ್ದನ್ನು ನಂಬಬಹುದಾ?

ಉತ್ತರ: ಬರೆದಿದ್ದಾರೆ ಮೇಷ್ಟ್ರೇ. ಆದರೆ ಡೈರಿ ಬರೆದ ಹಾಗೆ ಬರೆದಿಲ್ಲ, ಅರ್ಜಿ ಬರೆದ ಹಾಗೆ ಬರೆದಿದ್ದಾರೆ. ನಿಮ್ಮ ಹುಡುಗನಿಗೆ ಮೊದಲು ಇದನ್ನು ಹೇಳಿ. ಉಳಿದದ್ದು ಆಮೇಲೆ ಸಲೀಸಾಗಿ ಬರುತ್ತೆ.

ನಾನು ಹೇಳುತ್ತಿರುವುದು ಚಿಕ್ಕದೇವರಾಜ ಒಡೆಯರ ವಿಷಯ. 1673ರಿಂದ 1704ರವರೆಗೆ ಶ್ರೀರಂಗಪಟ್ಟಣದಿಂದ ಆಳಿದವರು. ನಿಮ್ಮ ಜಿಲ್ಲೆಯ ಮಕ್ಕಳಿಗೆ ಅವರ ಹೆಸರು ಗೊತ್ತಿಲ್ಲದೆಯೇ ಗೊತ್ತಿರುತ್ತೆ. 'ಸಿಡಿಎಸ್ ನಾಲೆ' ಅಂತ ಕೇಳಿ ನೋಡಿ, ಅರ್ಧ ಕ್ಲಾಸು ಕೈ ಎತ್ತುತ್ತೆ. ನಾಲೆಗೆ ನೀರು ಬಿಟ್ಟರಾ, ಇನ್ನೂ ಬಿಟ್ಟಿಲ್ವಾ ಅನ್ನುವ ಮಾತು ಮನೆಯಲ್ಲಿ ದಿನಾ ನಡೆಯುತ್ತಿರುತ್ತೆ. ಸಿಡಿಎಸ್ ಅಂದರೆ ಚಿಕ್ಕದೇವರಾಜ ಸಾಗರ ಅಂತ ಎಷ್ಟು ಜನಕ್ಕೆ ಗೊತ್ತು ಅನ್ನುವುದು ಬೇರೆ ಮಾತು. 1687ರಲ್ಲಿ ಮೊಗಲರ ಸರದಾರ ಖಾಸಿಂ ಖಾನನಿಂದ ಮೂರು ಲಕ್ಷ ರೂಪಾಯಿಗೆ ಬೆಂಗಳೂರನ್ನು ಕೊಂಡವರು ಇವರೇ. ರಾಜ್ಯದ ಕೆಲಸವನ್ನೆಲ್ಲ ಹದಿನೆಂಟು ಇಲಾಖೆ ಮಾಡಿ ಹಂಚಿದವರೂ ಇವರೇ. ಅದಕ್ಕೆ ಅಠಾರಾ ಕಚೇರಿ ಅಂತ ಹೆಸರು.

ಇವರ ಹೆಸರಿನಲ್ಲಿ 'ಚಿಕದೇವರಾಜ ಬಿನ್ನಪಂ' ಅಂತ ಒಂದು ಪುಸ್ತಕವಿದೆ. ಅದರಲ್ಲಿ ಮೂವತ್ತು ಬಿನ್ನಪಗಳಿವೆ. ಪ್ರತಿಯೊಂದಕ್ಕೂ ಮೊದಲು ಒಂದು ಪದ್ಯ, ಆಮೇಲೆ ಗದ್ಯ. ಮೂವತ್ತೂ ಮೇಲುಕೋಟೆ ಚೆಲುವನಾರಾಯಣನಿಗೆ ಬರೆದವು.

ಬಿನ್ನಪ ಅನ್ನುವ ಪದವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ವಿಜ್ಞಾಪನೆ ಅನ್ನುವುದು ಕನ್ನಡದ ಬಾಯಲ್ಲಿ ಸವೆದು ಬಿನ್ನಪ ಆಯಿತು, ಬಿನ್ನಹ ಆಯಿತು. ಲಗ್ನಪತ್ರಿಕೆಯಲ್ಲಿ ಇವತ್ತಿಗೂ 'ವಿಜ್ಞಾಪನೆಗಳು' ಅಂತ ಹಾಕಿಸುತ್ತಾರಲ್ಲ, ಅದೇ ಪದ. ಕೆಳಗೆ ನಿಂತವನು ಮೇಲೆ ಕೂತವನಿಗೆ ತನ್ನ ಕಷ್ಟ ತಿಳಿಸುವುದು ಬಿನ್ನಪ. ನೀರು ಬರಲಿಲ್ಲ, ಕಂದಾಯ ಕಟ್ಟಲಾಗಲಿಲ್ಲ, ಪಕ್ಕದವನು ಬದು ಒತ್ತಿದ, ಸ್ವಾಮಿಯವರು ದಯ ತೋರಬೇಕು. ಇಂಥ ಮಾತನ್ನು ಮೂವತ್ತು ವರ್ಷ ಗದ್ದಿಗೆಯ ಮೇಲೆ ಕೂತು ಕೇಳಿದ ಮನುಷ್ಯ ಅವರು. ಹಾಗೆ ಕೇಳಿದವರು ತಮ್ಮ ಮನಸ್ಸಿನ ಮಾತನ್ನು ಬರೆಯಬೇಕಾದಾಗ ಅಪ್ಪಣೆಯ ಧಾಟಿ ಹಿಡಿಯಲಿಲ್ಲ, ರೈತನ ಧಾಟಿ ಹಿಡಿದರು. ನನ್ನ ಮಟ್ಟಿಗೆ ಈ ಪುಸ್ತಕದ ಅತಿ ದೊಡ್ಡ ಮಾತು ಅದರ ಹೆಸರಿನಲ್ಲೇ ಇದೆ.

ಇದು ನನಗೆ ಅರ್ಥವಾದದ್ದು ಲೈಬ್ರರಿಯಲ್ಲಿ ಅಲ್ಲ. ನಮ್ಮ ತಂದೆಯವರ ಪಹಣಿಯಲ್ಲಿ ಒಂದು ಸಲ ಸರ್ವೆ ನಂಬರ್ ತಪ್ಪಾಗಿ ಬಂದಿತ್ತು. ಅದನ್ನು ತಿದ್ದಿಸಲು ನಮ್ಮ ಕಡೆಯ ಒಂದು ಕಚೇರಿಗೆ ಏಳೆಂಟು ಸಲ ಅಲೆದಿರಬೇಕು. ಹೊರಗೆ ಬೇವಿನ ಮರದ ಕೆಳಗೆ ಅರ್ಜಿ ಬರೆಯುವವರೊಬ್ಬರು ಕೂರುತ್ತಿದ್ದರು. ಮೊಣಕಾಲ ಎತ್ತರದ ಮೇಜು, ಅದರ ಮೇಲೆ ಬಿಳಿ ಹಾಳೆ, ಹಾಳೆ ಹಾರದ ಹಾಗೆ ಒಂದು ಕಲ್ಲು. ನಮ್ಮ ತಂದೆ ಹತ್ತು ಎಕರೆಯ ಯಜಮಾನರು, ಊರಲ್ಲಿ ಪಂಚಾಯಿತಿ ಮಾಡುತ್ತಿದ್ದವರು, ಅವರ ಮಾತಿಗೆ ನಾಲ್ಕು ಜನ ತಲೆ ತಗ್ಗಿಸುತ್ತಿದ್ದರು. ಆ ಮೇಜಿನ ಮುಂದೆ ಕುಕ್ಕರುಗಾಲಲ್ಲಿ ಕೂತು "ಕೃಪೆ ತೋರಬೇಕಾಗಿ ಬೇಡಿಕೊಳ್ಳುತ್ತೇನೆ ಅಂತ ಬರೀರಿ ಸ್ವಾಮಿ" ಅಂದರು. ಆಮೇಲೆ ಮನೆಗೆ ಬಂದು, ತಮ್ಮ ಹತ್ತಿರ ಕೆಲಸಕ್ಕೆ ಬರುತ್ತಿದ್ದ ಆಳಿನ ಬಾಕಿ ಕೂಲಿಯನ್ನು ಅವನು ಕೇಳದೆಯೇ ಕೊಟ್ಟರು. ಯಾಕೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಬಿನ್ನಪಂ ಓದುವಾಗಲೆಲ್ಲ ನನಗೆ ಆ ಕುಕ್ಕರುಗಾಲು ನೆನಪಾಗುತ್ತೆ.

ಈಗ ಅಧಿಕಾರದ ವಿಷಯಕ್ಕೆ ಬರೋಣ. ಪುಸ್ತಕದ ಹಿಂದೆ ಇರುವುದು ಶ್ರೀವೈಷ್ಣವ ಮತ. ಅದರ ಪ್ರಕಾರ ಜೀವ ಅನ್ನುವುದು ಒಡವೆ, ದೇವರು ಅದರ ಒಡೆಯ. ಒಡವೆಗೆ ಸ್ವಂತ ಇಷ್ಟ ಇರುತ್ತಾ? ಇರಲ್ಲ. 'ನಾನು ಸ್ವತಂತ್ರ' ಅಂದುಕೊಳ್ಳುವುದೇ ಮನುಷ್ಯ ಮಾಡುವ ಮೊದಲ ತಪ್ಪು. ನಮ್ಮ ನಿಮ್ಮಂಥವರು ಇದನ್ನು ಒಪ್ಪಿಕೊಳ್ಳುವುದು ದೊಡ್ಡ ವಿಷಯವಲ್ಲ, ಹೇಗಿದ್ದರೂ ನಮ್ಮ ಮಾತು ನಡೆಯುವುದು ಅಷ್ಟಕ್ಕಷ್ಟೇ. ಆದರೆ ಇದನ್ನು ಒಪ್ಪಿದವರ ಬಿರುದು ನೋಡಿ: 'ಅಪ್ರತಿಮ ವೀರ', ಅಂದರೆ ಎದುರೇ ಇಲ್ಲದ ವೀರ. ಇನ್ನೊಂದು 'ಕರ್ನಾಟಕ ಚಕ್ರವರ್ತಿ'. 'ಒಡೆಯರ್' ಅಂತ ಹೆಸರಿನಲ್ಲೇ ಇಟ್ಟುಕೊಂಡವರು ತಾನು ಇನ್ನೊಬ್ಬರ ಒಡವೆ ಅಂತ ಬರೆಯುವುದು ತಮಾಷೆಯಲ್ಲ.

ಇದಕ್ಕಿಂತ ಬಿಗಿಯಾದ ಗಂಟು ಇನ್ನೊಂದಿದೆ. ಶರಣಾಗತಿಗೆ ಒಂದು ಷರತ್ತುಂಟು. 'ನನ್ನ ಕೈಯಲ್ಲಿ ಏನೂ ಇಲ್ಲ' ಅಂತ ಮನಸ್ಸಾರೆ ಹೇಳಬೇಕು. ಅದಕ್ಕೆ ಆಕಿಂಚನ್ಯ ಅಂತಾರೆ. ಹೇಳಬೇಕಾದವರು ಯಾರು? ಜನ 'ನವಕೋಟಿ ನಾರಾಯಣ' ಅಂತ ಕರೆಯುತ್ತಿದ್ದ ದೊರೆ. ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಅಚ್ಚಾದ ತನ್ನ ಚರಿತ್ರೆಯಲ್ಲಿ ಒಂದು ಸಂಗತಿ ಬರೆದಿಟ್ಟಿದ್ದಾನೆ. ಚಿಕ್ಕದೇವರಾಜರು ಬೆಳಗ್ಗೆ ಎದ್ದು ಪೂಜೆ ಮುಗಿಸುತ್ತಿದ್ದರಂತೆ. ಆಮೇಲೆ ಒಂದೊಂದರಲ್ಲಿ ಸಾವಿರ ವರಹ ಇರುವ ಎರಡು ಚೀಲ ಖಜಾನೆಗೆ ಹೋಗಬೇಕಿತ್ತು. ಅದು ಹೋಗುವ ತನಕ ಬಾಯಿಗೆ ಏನೂ ಹಾಕುತ್ತಿರಲಿಲ್ಲವಂತೆ. ಚೀಲ ತಡವಾದರೆ ಊಟವೂ ತಡ. ಹಾಗೆ ಕೂಡಿದ್ದು ಒಂಬತ್ತು ಕೋಟಿ ಅಂತ ಪ್ರತೀತಿ. ಯಾರೂ ಎಣಿಸಿದ್ದಲ್ಲ, ಬಿರುದು ಯಾವಾಗಲೂ ಸ್ವಲ್ಪ ಜಾಸ್ತಿಯೇ ಹೇಳುತ್ತೆ. ಆದರೂ ಆ ಬೆಳಗನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಂದು ಕಡೆ 'ನನ್ನದು ಅನ್ನುವುದೇನೂ ಇಲ್ಲ', ಇನ್ನೊಂದು ಕಡೆ ಚೀಲ ಇನ್ನೂ ಯಾಕೆ ಬರಲಿಲ್ಲ ಅನ್ನುವ ಕಾಯುವಿಕೆ, ಮಧ್ಯದಲ್ಲಿ ಹಸಿವು. ಇದು ಬೂಟಾಟಿಕೆ ಅಂತ ನಿಮ್ಮ ಹುಡುಗರು ತಕ್ಷಣ ಹೇಳುತ್ತಾರೆ. ನನಗೆ ಹಾಗನ್ನಿಸಲ್ಲ. ಚೀಲ ಎಣಿಸದವನಿಗೆ ಆಕಿಂಚನ್ಯ ಬೇಕಾಗುವುದೇ ಇಲ್ಲ. ದಿನಾ ಎಣಿಸುವವನಿಗೇ ಅದರ ಮೇಲೆ ಆಸೆ.

ಆ ಚೀಲಕ್ಕೆ ವರಹ ಬಂದದ್ದು ಎಲ್ಲಿಂದ? ನ್ಯಾಯದ ಪ್ರಶ್ನೆ ಇಲ್ಲೇ ಇರುವುದು, ಇದನ್ನು ಹಾರಿಸಿ ಪಾಠ ಮಾಡಬೇಡಿ. ಭೂಮಿಯ ಕಂದಾಯವನ್ನು ನೇರವಾಗಿ ಏರಿಸದೆ ಹತ್ತಾರು ಸಣ್ಣ ಸಣ್ಣ ತೆರಿಗೆ ಹಾಕಿದರು. ಒಂದೊಂದೂ ಸಣ್ಣದು, ಕೂಡಿಸಿದರೆ ಬೆನ್ನು ಮುರಿಯುವಷ್ಟು. ರೈತರು ತಿರುಗಿಬಿದ್ದರು. ಅವರು ತಿರುಗಿಬಿದ್ದ ಬಗೆಯನ್ನು ವಿಲ್ಕ್ಸ್ ಹೇಳುತ್ತಾನೆ: ನೇಗಿಲನ್ನು ಊರಬಾಗಿಲಲ್ಲಿ ನೇತುಹಾಕಿದರಂತೆ. ಉಳಲ್ಲ, ಏನು ಮಾಡ್ಕೋತೀರೋ ಮಾಡ್ಕೊಳ್ಳಿ ಅಂತ. ಅದೂ ಒಂದು ಬಿನ್ನಪವೇ ಅಲ್ವಾ? ಕಾಗದ ಇಲ್ಲ, ಶಾನುಭೋಗ ಇಲ್ಲ, ನೇಗಿಲೊಂದೇ.

ಈ ಪ್ರತಿಭಟನೆಯ ಹಿಂದೆ ಜಂಗಮರಿದ್ದಾರೆ ಅಂತ ದೊರೆ ತಿಳಿದರು, ನಂಜನಗೂಡಿಗೆ ಊಟಕ್ಕೆ ಕರೆಸಿ ನಾನೂರಕ್ಕೂ ಹೆಚ್ಚು ಜಂಗಮರನ್ನು ಕೊಲ್ಲಿಸಿದರು ಅಂತಲೂ ವಿಲ್ಕ್ಸ್ ಬರೆಯುತ್ತಾನೆ. ಅವನು ಬರೆದದ್ದು ನೂರು ವರ್ಷ ದಾಟಿದ ಮೇಲೆ, ಜನರ ಬಾಯಿಂದ ಕೇಳಿ. ಮೈಸೂರಿನ ದೊಡ್ಡ ಚರಿತ್ರೆ ಬರೆದ ಹಯವದನರಾಯರು ಇದನ್ನು ಒಪ್ಪುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಆ ಸಂಖ್ಯೆಯನ್ನು, ಆ ಊಟದ ಕಥೆಯನ್ನು ನಾನು ಆಣೆ ಮಾಡಿ ಹೇಳಲಾರೆ. ಆದರೆ ಜನ ನೂರು ವರ್ಷ ಒಂದು ಕಥೆಯನ್ನು ಸುಮ್ನೆ ಇಟ್ಟುಕೊಳ್ಳುವುದಿಲ್ಲ. ತೆರಿಗೆಯ ಸಿಟ್ಟು ಎಷ್ಟಿತ್ತು ಅನ್ನುವುದಕ್ಕೆ ಇನ್ನೊಂದು ಸಾಕ್ಷಿಯೂ ಇದೆ. ದೊರೆಯ ಪ್ರಧಾನಿ, ಯಳಂದೂರಿನ ಜೈನ ಪಂಡಿತ ವಿಶಾಲಾಕ್ಷ, 1686ರಲ್ಲಿ ಕೊಲೆಯಾಗಿ ಹೋದರು. ಚಿಕ್ಕದೇವರಾಜರನ್ನು ಹುಡುಗರಾಗಿದ್ದಾಗ ಹಿಂದಿನ ದೊರೆಯ ಕಾಲದಲ್ಲಿ ಗುಂಡ್ಲುಪೇಟೆ ಕಡೆಯ ಹಂಗಳದಲ್ಲಿ ಕಾವಲಿನಲ್ಲಿ ಇರಿಸಿದ್ದರು. ಆಗ ಜೊತೆಗಿದ್ದ ಗೆಳೆಯ ಈ ಪಂಡಿತರು. ಮುಂದೆ ರಾಜರಾದರೆ ನೀನೇ ಮಂತ್ರಿ ಅಂತ ಕೊಟ್ಟ ಮಾತನ್ನು ದೊರೆ ಉಳಿಸಿಕೊಂಡಿದ್ದರು. ತಾವು ಹಾಕಿದ ತೆರಿಗೆಗೆ ಗೆಳೆಯ ಬಲಿಯಾದ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಶ್ರೀವೈಷ್ಣವರ ಇನ್ನೊಂದು ನಂಬಿಕೆ ನೋಡಿ. ತಪ್ಪು ಮಾಡಿದವನು ನೇರವಾಗಿ ನಾರಾಯಣನ ಮುಂದೆ ಹೋಗಿ ನಿಲ್ಲಬಾರದು. ನಿಂತರೆ ನ್ಯಾಯ ಗೆಲ್ಲುತ್ತೆ, ಇವನು ಸೋಲುತ್ತಾನೆ. ಮೊದಲು ತಾಯಿಯನ್ನು ಹಿಡಿಯಬೇಕು. ಲಕ್ಷ್ಮಿ ಹೊತ್ತು ನೋಡಿ ಒಂದು ಮಾತು ಹಾಕುತ್ತಾಳೆ, ಒಡೆಯನ ಮನಸ್ಸು ಕರಗುತ್ತೆ. ಇದಕ್ಕೆ ಅವರು ಪುರುಷಕಾರ ಅಂತಾರೆ. ನಮ್ಮ ಮಾತಲ್ಲಿ ಹೇಳಬೇಕಂದರೆ ಶಿಫಾರಸು. ಅಪ್ಪನಿಗೆ ಹೇಳಲು ಹೆದರಿ ಅಮ್ಮನ ಸೆರಗು ಹಿಡಿಯುವುದು. ನ್ಯಾಯ ಮತ್ತು ಪ್ರೀತಿ ಎರಡೂ ಒಂದೇ ಗರ್ಭಗುಡಿಯಲ್ಲಿ, ಎದುರುಬದುರಾಗಿ. ನ್ಯಾಯ ಹೇಳುವ ಜಾಗದಲ್ಲಿ ಕೂತಿದ್ದ ದೊರೆಗೆ ಒಂದು ವಿಷಯ ಬೇರೆ ಯಾರಿಗಿಂತ ಚೆನ್ನಾಗಿ ಗೊತ್ತಿತ್ತು. ಬರೀ ನ್ಯಾಯವನ್ನೇ ನೋಡಿದರೆ ತಾನೂ ಉಳಿಯುವುದಿಲ್ಲ.

ಪ್ರೀತಿಯ ವಿಷಯದಲ್ಲಿ ದೊರೆಗಿಂತ ಅವರ ಅರಮನೆಯ ಒಬ್ಬ ಹೆಂಗಸಿನ ಮಾತು ನನಗೆ ಹೆಚ್ಚು ಹಿಡಿಸುತ್ತೆ. ಸಂಚಿಯ ಹೊನ್ನಮ್ಮ. ಆಕೆಯೂ ಯಳಂದೂರಿನವಳೇ. ರಾಣಿ ದೇವಾಜಮ್ಮಣ್ಣಿಯ ಎಲೆಯಡಿಕೆ ಸಂಚಿ ಹಿಡಿಯುವ ಕೆಲಸ. ಎಲೆಗೆ ಸುಣ್ಣ ಹಚ್ಚಿ ಮಡಿಸಿಕೊಡುವ ಕೈ 'ಹದಿಬದೆಯ ಧರ್ಮ' ಅನ್ನುವ ಸಾಂಗತ್ಯ ಕಾವ್ಯ ಬರೆಯಿತು. ಪತಿವ್ರತೆ ಹೇಗಿರಬೇಕು ಅನ್ನುವ ಪುಸ್ತಕ, ಆ ಕಾಲದ್ದೇ. ಆದರೆ ಮಧ್ಯದಲ್ಲಿ ಒಂದು ಕಡೆ ಆಕೆಯ ಧ್ವನಿ ಏರುತ್ತೆ. ಹೆತ್ತವಳು ಹೆಣ್ಣು, ಸಾಕಿದವಳು ಹೆಣ್ಣು, ಮತ್ತೆ ಹೆಣ್ಣು ಹೆಣ್ಣು ಅಂತ ಯಾಕೆ ಹೀಗಳೆಯುತ್ತೀರಿ ಕುರುಡರೇ ಅಂತ ಗದರಿಸುತ್ತಾಳೆ. ದೊರೆ ದೇವರ ಮುಂದೆ ಕೈ ಮುಗಿದು ಬಿನ್ನಪ ಮಾಡಿದರೆ, ಸಂಚಿ ಹಿಡಿದವಳು ತಲೆ ಎತ್ತಿ ಜಗತ್ತನ್ನೇ ಪ್ರಶ್ನೆ ಕೇಳಿದಳು. ಎರಡನ್ನೂ ಒಟ್ಟಿಗೆ ಪಾಠ ಮಾಡಿ ನೋಡಿ, ಕ್ಲಾಸು ಎದ್ದು ಕೂರುತ್ತೆ.

ಇನ್ನು ನಂಬಬಹುದಾ ಅನ್ನುವ ಪ್ರಶ್ನೆ. ಬಿನ್ನಪಂ ದೊರೆ ಬರೆದದ್ದಲ್ಲ, ವಿಶಾಲಾಕ್ಷ ಪಂಡಿತರ ನಂತರ ಪ್ರಧಾನಿಯಾದ ಕವಿ ತಿರುಮಲಾರ್ಯರು ಬರೆದು ದೊರೆಯ ಹೆಸರಿಟ್ಟರು ಅನ್ನುವ ವಿದ್ವಾಂಸರಿದ್ದಾರೆ. ಅವರ ವಾದದಲ್ಲಿ ಹುರುಳಿದೆ, ಶೈಲಿ ಬಹಳ ಕಡೆ ಹೋಲುತ್ತೆ. ನಾನು ಬೇವಿನ ಮರದ ಕೆಳಗಿನ ಮೇಜನ್ನೇ ನೆನೆಯುತ್ತೇನೆ. ಅಕ್ಷರ ಬರೆದವರು ಅರ್ಜಿಯವರು, ಹೆಬ್ಬೆಟ್ಟು ನಮ್ಮ ತಂದೆಯದು. ಕಷ್ಟ ಯಾರದು? ಬೇರೆಯವರ ಕೈಯಲ್ಲಿ ಬರೆಸಿದ್ದಾದರೂ, ಈ ಮಾತು ನನ್ನ ಹೆಸರಲ್ಲಿ ಹೋಗಲಿ ಅಂತ ದೊರೆ ಒಪ್ಪಿದ್ದು ಸಣ್ಣ ವಿಷಯವಲ್ಲ. ಹೊಗಳಿಸಿಕೊಳ್ಳುವ ಪುಸ್ತಕಗಳು ಬೇಕಾದಷ್ಟಿದ್ದವು, ತಿರುಮಲಾರ್ಯರೇ ಬರೆದುಕೊಟ್ಟಿದ್ದರು. 'ಚಿಕದೇವರಾಜ ವಿಜಯಂ' ಇದೆ, 'ವಂಶಾವಳಿ' ಇದೆ. ಅಷ್ಟು ಸಾಲದು ಅಂತ ಒಬ್ಬ ಗೆದ್ದ ರಾಜನಿಗೆ ಅನ್ನಿಸಿತಲ್ಲ.

ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ಇದರಲ್ಲಿ ತೆರಿಗೆಯ ಬಗ್ಗೆ ತಪ್ಪೊಪ್ಪಿಗೆ ಸಿಗುತ್ತೆ ಅಂತ ಹುಡುಕಬೇಡಿ. ನೇಗಿಲೂ ಇಲ್ಲ, ನಂಜನಗೂಡೂ ಇಲ್ಲ. ಇರುವುದು ಜೀವ, ದೇವರು, ಕರ್ಮ, ಶರಣು. ನಾನು ಮೇಲೆ ಹೇಳಿದ ನಂಟುಗಳೆಲ್ಲ ಎರಡನ್ನೂ ಪಕ್ಕ ಪಕ್ಕ ಇಟ್ಟು ಓದಿದ ಒಬ್ಬ ಮೇಷ್ಟ್ರದ್ದು. ಮಾರ್ಕಸ್ ಅರೇಲಿಯಸ್ ವಿಷಯದಲ್ಲೂ ಇದೇ ಕಥೆ. ಆತ ಬರೆದದ್ದು ದಂಡಯಾತ್ರೆಯ ಡೇರೆಯಲ್ಲಿ ಕೂತು. ಒಂದು ಭಾಗಕ್ಕೆ 'ಕ್ವಾಡಿಗಳ ನಡುವೆ, ಗ್ರಾನ್ ನದಿಯ ದಡದಲ್ಲಿ' ಅನ್ನುವ ಟಿಪ್ಪಣಿಯೇ ಇದೆ. ಕ್ವಾಡಿಗಳು ಅಂದರೆ ಆತ ಹೋಗಿ ಬಡಿಯುತ್ತಿದ್ದ ಜನ. ಅವರಿಗೇನಾಯಿತು ಅಂತ ಆ ಸ್ಟೇಟಸ್‌ಗಳು ಹೇಳುವುದಿಲ್ಲ.

ನೂರು ವರ್ಷ ಮುಂದೆ ಬಂದರೆ ಶ್ರೀರಂಗಪಟ್ಟಣದಲ್ಲೇ ಇನ್ನೊಂದು ಬಗೆಯ ಬರಹ ಸಿಗುತ್ತೆ. ಟಿಪ್ಪು ಸುಲ್ತಾನ್ ತನ್ನ ಕನಸುಗಳನ್ನು ಪಾರ್ಸಿಯಲ್ಲಿ ತನ್ನ ಕೈಯಾರೆ ಬರೆದಿಟ್ಟಿದ್ದ, ಒಟ್ಟು 37. 1799ರಲ್ಲಿ ಕೋಟೆ ಬಿದ್ದ ಮೇಲೆ ಪುಸ್ತಕ ಸಿಕ್ಕಿತು, ಈಗ ಲಂಡನ್ನಿನಲ್ಲಿದೆ. ಒಂದು ಕನಸಿನಲ್ಲಿ ಗಂಡಸಿನ ಉಡುಪಿನಲ್ಲಿ ಬಂದವನು ಹೆಂಗಸು ಅಂತ ತಿಳಿಯುತ್ತೆ. ಮರಾಠರೂ ಹೀಗೇ, ನೋಡಲಷ್ಟೇ ಗಂಡಸರು ಅಂತ ಸುಲ್ತಾನ್ ಅರ್ಥ ಮಾಡಿಕೊಳ್ಳುತ್ತಾನೆ. ನಿದ್ದೆಯಲ್ಲೂ ಶತ್ರುವಿನ ಲೆಕ್ಕ. ಹೊನ್ನಮ್ಮ ಇದ್ದಿದ್ದರೆ ಆ ಅರ್ಥಕ್ಕೆ ಒಂದು ಪದ್ಯ ಬಿಡುತ್ತಿದ್ದಳು.

ಆಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ್. ಬಿನ್ನಪ ಅನ್ನುವುದು ಇವರ ಬಾಳಿನಲ್ಲಿ ಅಕ್ಷರಶಃ ನಡೆದುಹೋಯಿತು. 1799ರಲ್ಲಿ ಐದು ವರ್ಷದ ಹುಡುಗನನ್ನು ಬ್ರಿಟಿಷರು ಗದ್ದಿಗೆ ಹತ್ತಿಸಿದರು. 1831ರಲ್ಲಿ, ಮಲೆನಾಡಿನ ನಗರ ಸೀಮೆಯ ರೈತರ ದಂಗೆಯ ನೆವ ಹೇಳಿ, ಆಡಳಿತ ಕಿತ್ತುಕೊಂಡರು. ಹೆಸರಿಗೆ ಮಾತ್ರ ರಾಜರಾಗಿ ಅವರು ಇನ್ನೂ 37 ವರ್ಷ ಬದುಕಿದರು. ಅಷ್ಟೂ ವರ್ಷ ಕಲ್ಕತ್ತೆಗೆ ಪತ್ರದ ಮೇಲೆ ಪತ್ರ: ರಾಜ್ಯ ವಾಪಸ್ ಕೊಡಿ. ಗವರ್ನರ್ ಜನರಲ್‌ಗಳು ಬದಲಾದರು, ಉತ್ತರ ಬದಲಾಗಲಿಲ್ಲ. ಮಧ್ಯದ ಹೊತ್ತಿನಲ್ಲಿ ಏನು ಮಾಡಿದರು? 'ಶ್ರೀತತ್ತ್ವನಿಧಿ' ಅನ್ನುವ ದೊಡ್ಡ ಚಿತ್ರಗ್ರಂಥ ಮಾಡಿಸಿದರು. ಒಂಬತ್ತು ನಿಧಿಗಳಲ್ಲಿ ಎಂಟು ದೇವರು, ಗ್ರಹ, ಶಾಸ್ತ್ರ ಅಂತ ಗಂಭೀರವಾದವು. ಕೊನೆಯದು ಕೌತುಕ ನಿಧಿ, ಅದರ ತುಂಬ ಆಟಗಳು. ಚದುರಂಗದ ಕುದುರೆ ಒಂದು ಮನೆಗೆ ಎರಡು ಸಲ ಕಾಲಿಡದೆ ಅರವತ್ನಾಲ್ಕು ಮನೆಯನ್ನೂ ಸುತ್ತಿ ಬರುವ ಲೆಕ್ಕ ಬಿಡಿಸಿದವರು ಇವರು. ರಾಜ್ಯವಿಲ್ಲದ ರಾಜ ಹಲಗೆಯ ಮೇಲಾದರೂ ಎಲ್ಲ ಮನೆ ಮುಟ್ಟಿ ಬಂದರು. 1865ರಲ್ಲಿ ಮಗುವೊಂದನ್ನು ದತ್ತು ತೆಗೆದುಕೊಂಡರು. ಮುಂದೆ ಆ ಮಗುವಿಗೆ ರಾಜ್ಯ ಕೊಡುತ್ತೇವೆ ಅಂತ ಲಂಡನ್ ಒಪ್ಪಿದ್ದು 1867ರಲ್ಲಿ. ಮರುವರ್ಷ ಮುಮ್ಮಡಿಯವರು ತೀರಿಕೊಂಡರು. ರಾಜ್ಯ ನಿಜವಾಗಿ ಕೈಗೆ ಬಂದದ್ದು 1881ರಲ್ಲಿ, ಆ ದತ್ತುಮಗ ಚಾಮರಾಜೇಂದ್ರರಿಗೆ. ಅರ್ಜಿ ವಿಲೇವಾರಿಯಾಗಲು ಐವತ್ತು ವರ್ಷ! ಅರ್ಜಿ ಹಾಕಿದವರೇ ಇರಲಿಲ್ಲ.

ಇವರ ಪ್ರೀತಿಯ ವಿಷಯ ತಿಳಿಯಬೇಕಾದರೆ ಪುಸ್ತಕ ಬೇಡ, ಮಕ್ಕಳನ್ನು ಚಾಮುಂಡಿ ಬೆಟ್ಟಕ್ಕೆ ಕರೆದುಕೊಂಡು ಹೋಗಿ. ದೇವಸ್ಥಾನದ ಒಳಗೆ ಆಳೆತ್ತರದ ಮುಮ್ಮಡಿಯವರ ವಿಗ್ರಹವಿದೆ, ಕೈ ಮುಗಿದು ನಿಂತಿದ್ದಾರೆ. ಜೊತೆಗೆ ಮೂವರು ರಾಣಿಯರು, ರಮಾವಿಲಾಸ, ಲಕ್ಷ್ಮೀವಿಲಾಸ, ಕೃಷ್ಣವಿಲಾಸ. ಪೀಠದ ಮೇಲೆ ಹೆಸರನ್ನೂ ಕೆತ್ತಿಸಿದ್ದಾರೆ. ಜನ ತಾಯಿಯನ್ನು ನೋಡುವ ಗಡಿಬಿಡಿಯಲ್ಲಿ ಇವರನ್ನು ದಾಟಿಕೊಂಡು ಹೋಗುತ್ತಾರೆ. ದೇವರ ಮುಂದೆ ಬೇಡಲು ಬಂದವರು ಒಬ್ಬರೇ ಬಂದಿಲ್ಲ, ಮನೆಯವರನ್ನೆಲ್ಲ ಕರೆದುಕೊಂಡು ಬಂದಿದ್ದಾರೆ.

ಕೊನೆಗೆ ಓದುವುದು ಹೇಗೆ ಅನ್ನುವುದು. ಬಿನ್ನಪಂ ಗದ್ಯ ಮೊದಲ ನೋಟಕ್ಕೆ ಹೆದರಿಸುತ್ತೆ. ಹಳಗನ್ನಡದ ಧಾಟಿ, ವಾಕ್ಯ ಶುರುವಾದರೆ ಮುಗಿಯುವುದೇ ಇಲ್ಲ. ಮೂವತ್ತನ್ನೂ ಓದಿಸಲು ಹೋಗಬೇಡಿ, ಸಿದ್ಧಾಂತದ ಚರ್ಚೆ ಬರುವ ಕಡೆ ನನಗೇ ಆಕಳಿಕೆ ಬರುತ್ತೆ. ಒಂದನ್ನು ಆರಿಸಿಕೊಂಡು ಗಟ್ಟಿಯಾಗಿ ಓದಿ, ಉಸಿರು ಎಲ್ಲಿ ನಿಲ್ಲುತ್ತೋ ಅಲ್ಲಿ ಸೀಸದ ಕಡ್ಡಿಯಲ್ಲಿ ಗೆರೆ ಎಳೆಯಲು ಹೇಳಿ. ನಾಲ್ಕು ಗೆರೆ ಎಳೆಯುವಷ್ಟರಲ್ಲಿ ಅರ್ಥ ತಾನಾಗಿ ಬಿಚ್ಚಿಕೊಳ್ಳುತ್ತೆ. ಆಮೇಲೆ ಒಂದು ದಿನ ಮೇಲುಕೋಟೆಗೆ ಹೋಗಿ, ಮಂಡ್ಯದಿಂದ ದೂರವೇನಲ್ಲ. ಚೆಲುವನಾರಾಯಣನ ದೇವಸ್ಥಾನದ ನವರಂಗದಲ್ಲಿ ಒಂದು ಕಂಬದ ಮೇಲೆ ರಾಜ ಒಡೆಯರ ಉಬ್ಬುಚಿತ್ರವಿದೆ, ಕೈ ಮುಗಿದದ್ದು. 1610ರಲ್ಲಿ ಶ್ರೀರಂಗಪಟ್ಟಣ ಗೆದ್ದವರು, ಸ್ವಾಮಿಗೆ ರಾಜಮುಡಿ ಅನ್ನುವ ಕಿರೀಟ ಕೊಟ್ಟವರು. ಚಿಕ್ಕದೇವರಾಜರು ಬಿನ್ನಪಕ್ಕೆ ಈ ಬಾಗಿಲನ್ನೇ ಯಾಕೆ ಆರಿಸಿಕೊಂಡರು ಅಂತ ಹುಡುಗರು ಕೇಳಿದರೆ ಆ ಕಂಬ ತೋರಿಸಿ. ಕಳೆದ ಸಲ ನಾನು ಹೋದಾಗ ಒಬ್ಬ ಅಜ್ಜಿ ಮಡಿಲಲ್ಲಿ ತುಳಸಿ ಹಾರ ಇಟ್ಟುಕೊಂಡು ಅದೇ ಕಂಬಕ್ಕೆ ಒರಗಿ ತೂಕಡಿಸುತ್ತಿದ್ದರು. ದೊರೆ ಕಾಣುತ್ತಿರಲಿಲ್ಲ. ಅಜ್ಜಿ ಏಳುವ ತನಕ ಕಾದು ನಿಂತು ನೋಡಿಕೊಂಡು ಬಂದೆ.